ಬಣ್ಣ ಬಂತು, ಸಿಹಿ ಬರಲಿಲ್ಲ: ಮಾವು ಮಾಗಿಸುವ ಹಾರ್ಮೋನುಗಳ ಬಗ್ಗೆ

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮಗೆ ಐದು ಎಕರೆ ಮಾವಿನ ತೋಟವಿದೆ. ಬಾದಾಮಿ ಹೆಚ್ಚು, ಒಂದಷ್ಟು ಮಲ್ಲಿಕಾ. ಮೊದಲೆಲ್ಲ ಹೂವಿನಲ್ಲೇ ತೋಟವನ್ನು ಗುತ್ತಿಗೆಗೆ ಕೊಡುತ್ತಿದ್ದೆವು. ಎರಡು ವರ್ಷದಿಂದ ನಾವೇ ಕೊಯ್ದು, ಮೂರು ಕೆ.ಜಿ. ಡಬ್ಬಿಗಳಲ್ಲಿ ತುಂಬಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನೇರವಾಗಿ ಕೊಡುತ್ತಿದ್ದೇವೆ. ಮೊದಲ ವರ್ಷ ಹುಲ್ಲಿನಲ್ಲಿ ಅಡೆ ಹಾಕಿದೆವು; ಒಂದೇ ಡಬ್ಬಿಯಲ್ಲಿ ಅರ್ಧ ಹಣ್ಣು, ಅರ್ಧ ಕಾಯಿ. ಕಳೆದ ವರ್ಷ ಔಷಧಿ ಅಂಗಡಿಯವರು ಹೇಳಿದಂತೆ ಇಥ್ರೆಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದೆವು. ಮೂರು ದಿನಕ್ಕೆ ಚೆನ್ನಾಗಿ ಹಳದಿ ಬಂತು, ಕೊಯ್ದರೆ ಒಳಗೆ ಹುಳಿ. ಇನ್ನು ಕೆಲವು ತೊಟ್ಟಿನ ಬಳಿ ಕಪ್ಪಾಗಿ ಕೊಳೆತವು. ಗ್ರಾಹಕರು ‘ಹಾರ್ಮೋನು ಹಾಕಿದ್ದೀರಾ, ಮಕ್ಕಳಿಗೆ ಕೊಡಬಹುದಾ’ ಎಂದು ಕೇಳುತ್ತಾರೆ. ನಮಗೆ ಉತ್ತರ ಗೊತ್ತಿಲ್ಲ. ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿದರೆ ಹಣ್ಣು ಹತ್ತು ದಿನ ಹೆಚ್ಚು ಉಳಿಯುತ್ತದೆ ಎಂದು ಒಬ್ಬರು ಹೇಳಿದ್ದಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಬೇರೆ ಬೇರೆಯಾದ ನಾಲ್ಕು ತೊಂದರೆಗಳಿವೆ: ಹಣ್ಣು ಒಂದೇ ಸಮನೆ ಮಾಗದಿರುವುದು, ಬಣ್ಣ ಬಂದರೂ ಸಿಹಿ ಬಾರದಿರುವುದು, ತೊಟ್ಟಿನ ಕಡೆಯ ಕೊಳೆ, ಮತ್ತು ಹಣ್ಣನ್ನು ಹೆಚ್ಚು ದಿನ ಇಡಬೇಕೆಂಬ ಆಸೆ. ಇವು ನಾಲ್ಕಕ್ಕೂ ಒಂದೇ ಬಾಟಲಿಯಲ್ಲಿ ಮದ್ದಿದೆ ಎಂದು ನಿಮಗೆ ಹೇಳಲಾಗಿದೆ, ತಪ್ಪು ಅಲ್ಲಿಂದಲೇ ಶುರುವಾಗಿದೆ. ಮೊದಲು ನಿಮ್ಮ ಗ್ರಾಹಕರ ಭಯವನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಗದೆ ನಿಮ್ಮ ವ್ಯಾಪಾರ ನೆಲೆಯೂರುವುದಿಲ್ಲ.

ಹಾರ್ಮೋನು ಎಂಬ ಪದ ಕೇಳಿದೊಡನೆ ಜನರ ಮನಸ್ಸಿಗೆ ಬರುವುದು ಹಾಲು ಹೆಚ್ಚಿಸಲು ಹಸುವಿಗೆ ಕೊಡುವ ಚುಚ್ಚುಮದ್ದು ಅಥವಾ ಆಸ್ಪತ್ರೆಯ ಥೈರಾಯ್ಡ್ ಮಾತ್ರೆ. ಹಣ್ಣನ್ನು ಮಾಗಿಸುವ ಹಾರ್ಮೋನು ಎಥಿಲೀನ್ ಎಂಬ ಅನಿಲ; ಅದರ ಅಣುವಿನಲ್ಲಿರುವುದು ಎರಡು ಇಂಗಾಲ, ನಾಲ್ಕು ಜಲಜನಕ, ಅಷ್ಟೇ. ಬೀದಿದೀಪದ ಗ್ಯಾಸಿನಲ್ಲಿದ್ದ ಈ ಅಂಶವೇ ಗಿಡಗಳ ಬೆಳವಣಿಗೆಯನ್ನು ಬದಲಿಸುತ್ತದೆ ಎಂದು ರಷ್ಯಾದ ದಿಮಿತ್ರಿ ನೆಲ್ಯುಬೋವ್ 1901ರಲ್ಲಿ ಬಟಾಣಿ ಸಸಿಗಳ ಮೇಲೆ ತೋರಿಸಿದರು. ಹಣ್ಣೇ ಅದನ್ನು ತಯಾರಿಸುತ್ತದೆ ಎಂಬುದನ್ನು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸೇಬಿನಲ್ಲಿ ಸಾಬೀತು ಮಾಡಿದರು. ಅಂದರೆ ಯಾರೂ ಏನೂ ಹಾಕದೆ ಮರದಲ್ಲೇ ಮಾಗಿ ಉದುರಿದ ಮಾವಿನಲ್ಲೂ ಇದೇ ಎಥಿಲೀನ್ ಇರುತ್ತದೆ. ಅಜ್ಜಿ ಕಾಯಿಯನ್ನು ಅಕ್ಕಿ ಡಬ್ಬದಲ್ಲಿ ಹುದುಗಿಸುತ್ತಿದ್ದುದು, ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದುದು ಹಣ್ಣು ಬಿಟ್ಟ ಅನಿಲ ಹೊರಗೆ ಹೋಗದಂತೆ ಹಿಡಿದಿಡುವ ಉಪಾಯ. ಬಾಳೆಗೊನೆಗೆ ಹೊಗೆ ಕೊಡುವುದೂ ಅದೇ; ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ಈ ಅನಿಲದ ಸಂಕೇತವನ್ನು ಗುರುತಿಸುವ ಗ್ರಾಹಿಗಳು ಸಸ್ಯದ ಜೀವಕೋಶದಲ್ಲಿವೆ, ಮನುಷ್ಯನ ದೇಹದಲ್ಲಿಲ್ಲ. ಆದ್ದರಿಂದ ಎಥಿಲೀನ್‌ನಲ್ಲಿ ಮಾಗಿದ ಹಣ್ಣು ತಿಂದರೆ ಮಕ್ಕಳ ಹಾರ್ಮೋನು ಏರುಪೇರಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಹಾಗೆಂದು ‘ಹಣ್ಣು ಮಾಡುವ ಔಷಧಿ’ ಎಂದು ಅಂಗಡಿಯಲ್ಲಿ ಸಿಗುವುದೆಲ್ಲ ಎಥಿಲೀನ್ ಅಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಕಲ್ಲಿಗೆ ತೇವ ತಗುಲಿದಾಗ ಏಳುವುದು ಅಸಿಟಲೀನ್. ಅದು ಎಥಿಲೀನ್‌ನ ಕೆಲಸವನ್ನು ಅರೆಬರೆಯಾಗಿ ಮಾಡುತ್ತದೆ, ಅದಕ್ಕೂ ಬಹಳ ಹೆಚ್ಚಿನ ಪ್ರಮಾಣ ಬೇಕು. ಕಾರ್ಖಾನೆಯ ಕೆಲಸಕ್ಕೆಂದು ಬರುವ ಈ ಕಲ್ಲಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಕಲ್ಮಶಗಳಿರುತ್ತವೆ. ಬುಟ್ಟಿ ತೆರೆದಾಗ ಮೂಗಿಗೆ ಬಡಿಯುವ ಬೆಳ್ಳುಳ್ಳಿಯಂಥ ವಾಸನೆ ಅವುಗಳದ್ದೇ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಗಳು ಕಾರ್ಬೈಡ್ ಅನಿಲದಿಂದ ಹಣ್ಣು ಮಾಗಿಸುವುದನ್ನು ನಿಷೇಧಿಸಿವೆ. ಎಥಿಲೀನ್ ಅನಿಲಕ್ಕೆ ಅನುಮತಿಯಿದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ, ಅಂದರೆ 100 ಪಿಪಿಎಂ ಅದರ ಮಿತಿ.

ಇನ್ನು ನೀವು ಬಳಸಿದ ಇಥ್ರೆಲ್. ಅದರೊಳಗಿನ ರಾಸಾಯನಿಕದ ಹೆಸರು ಇಥೆಫಾನ್. ಬಾಟಲಿಯಲ್ಲಿರುವಾಗ ಅದು ತೀಕ್ಷ್ಣವಾದ ಆಮ್ಲ. ಆ ಹುಳಿ ಕಡಿಮೆಯಾದಾಗ ಒಡೆದು ಎಥಿಲೀನ್ ಬಿಡುತ್ತದೆ. ಹೊರಬರುವ ಅನಿಲ ನಿರಪಾಯವೇ ಹೊರತು ಬಾಟಲಿಯ ದ್ರವ ಅಲ್ಲ. ಅದ್ದಿದಾಗ ಹಣ್ಣಿನ ಮೇಲೆ ಉಳಿಯುವುದು ಆ ದ್ರವ. ಆದ್ದರಿಂದಲೇ ಇಥೆಫಾನ್ ಹಣ್ಣಿಗೆ ನೇರವಾಗಿ ತಾಗಬಾರದು ಎಂದು ಪ್ರಾಧಿಕಾರ ಹೇಳುತ್ತದೆ. ಅದನ್ನು ಅನಿಲದ ಮೂಲವಾಗಿ, ಹಣ್ಣಿನಿಂದ ದೂರವಿಟ್ಟು ಬಳಸಬೇಕು. ಅದ್ದುವ ಪದ್ಧತಿ ನಮ್ಮಲ್ಲಿ ಬಹಳ ವರ್ಷ ಚಾಲ್ತಿಯಲ್ಲಿತ್ತು, ಹಾಗಾಗಿ ಅಂಗಡಿಯವರ ಮಾತನ್ನು ನೀವು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಬಾಟಲಿಯನ್ನು ಬನವಾಸಿ ಕಡೆಯವರು ಅನಾನಸ್ ಒಟ್ಟಿಗೆ ಹೂ ಬಿಡಲೆಂದು ಸುಳಿಗೆ ಸುರಿಯುತ್ತಾರೆ, ದಾಳಿಂಬೆ ಬೆಳೆಗಾರರು ಎಲೆ ಉದುರಿಸಲು ಸಿಂಪಡಿಸುತ್ತಾರೆ. ತೋಟದಲ್ಲಿ ಗಿಡಕ್ಕೆ ಹೊಡೆಯುವ ಪ್ರಮಾಣವನ್ನೇ ಕೊಯ್ದ ಹಣ್ಣನ್ನು ಅದ್ದುವ ನೀರಿಗೂ ಹೇಳಿ ಕಳಿಸುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಇನ್ನು ಮುಂದೆ ಅದ್ದಬೇಡಿ.

ಈಗ ಹುಳಿಯ ವಿಚಾರ. ನನ್ನ ಅನುಭವದಲ್ಲಿ ‘ಹಳದಿ ಬಂತು, ಸಿಹಿ ಬರಲಿಲ್ಲ’ ಎಂಬ ದೂರು ಬಂದ ಕಡೆಯೆಲ್ಲ ಕಾರಣ ಸಿಗುವುದು ಔಷಧಿಯಲ್ಲಲ್ಲ, ಕೊಯ್ಲಿನ ದಿನಾಂಕದಲ್ಲಿ. ಎಥಿಲೀನ್ ಕಾಯಿಗೆ ಏನನ್ನೂ ತಂದು ಕೊಡುವುದಿಲ್ಲ. ‘ಇನ್ನು ಹಣ್ಣಾಗು’ ಎಂಬ ಸೂಚನೆಯನ್ನಷ್ಟೇ ಕೊಡುತ್ತದೆ. ಆ ಸೂಚನೆ ಸಿಕ್ಕಾಗ ಕಾಯಿಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ತಿರುಳು ಮೆದುವಾಗುತ್ತದೆ, ಸಿಪ್ಪೆಯ ಹಸಿರು ಕರಗಿ ಕೆಳಗಿನ ಹಳದಿ ಕಾಣುತ್ತದೆ. ಪಿಷ್ಟವನ್ನು ತುಂಬಿಸಿದ್ದು ಮರ, ಅದೂ ಕೊನೆಯ ಕೆಲವು ವಾರಗಳಲ್ಲಿ. ಆ ತುಂಬುವ ಕೆಲಸ ಮುಗಿಯುವ ಮೊದಲೇ ಕಿತ್ತ ಕಾಯಿಗೆ ಎಷ್ಟು ಅನಿಲ ಕೊಟ್ಟರೂ ಸಿಪ್ಪೆ ಹಳದಿಯಾಗುತ್ತದೆ, ಒಳಗೆ ಸಕ್ಕರೆಯಾಗಲು ಸಾಮಗ್ರಿಯೇ ಇರುವುದಿಲ್ಲ. ರಾಮನಗರ, ಚನ್ನಪಟ್ಟಣದ ಮಾವು ನಿಮಗಿಂತ ಮೊದಲು ಪೇಟೆಗೆ ಬರುತ್ತದೆ; ಆ ಬೆಲೆ ನೋಡಿ ಕೋಲಾರದ ಕಡೆಯವರು ಅವಸರದಿಂದ ಮರ ಇಳಿಸುವುದು ಹೊಸದಲ್ಲ. ನೀವೂ ಹಾಗೆ ಮಾಡಿದಿರೋ ಏನೋ ಪತ್ರದಲ್ಲಿಲ್ಲ, ಆದರೆ ಮೂರೇ ದಿನದಲ್ಲಿ ಬಣ್ಣ, ಒಳಗೆ ಹುಳಿ ಎಂಬ ವಿವರಣೆ ಎಳೆಗಾಯಿಯತ್ತಲೇ ಬೊಟ್ಟು ಮಾಡುತ್ತದೆ.

ಬಲಿತ ಕಾಯಿಯನ್ನು ಗುರುತಿಸುವುದು ಕಷ್ಟವಲ್ಲ. ಬಾದಾಮಿಗೆ ಕಾಯಿ ಕಚ್ಚಿದ ಮೇಲೆ ಸಾಮಾನ್ಯವಾಗಿ 110ರಿಂದ 125 ದಿನ ಬೇಕು. ಭುಜ ತುಂಬಿ ತೊಟ್ಟಿಗಿಂತ ಮೇಲೆ ಎದ್ದಿರಬೇಕು, ತೊಟ್ಟು ಕುಳಿಯೊಳಗೆ ಕೂತಂತೆ ಕಾಣಬೇಕು. ಮರದ ನಾಲ್ಕು ದಿಕ್ಕಿನಿಂದ ಒಂದೊಂದು ಕಾಯಿ ತಂದು ವಾಟೆಯ ಪಕ್ಕದಲ್ಲಿ ಉದ್ದಕ್ಕೆ ಸೀಳಿ ನೋಡಿ: ಬಿಳಿ ತಿರುಳಾದರೆ ಇನ್ನೂ ಎಳೆಯದು, ವಾಟೆಯ ಸುತ್ತ ತೆಳು ಹಳದಿ ತಿರುಗಿದ್ದು, ವಾಟೆಯ ಚಿಪ್ಪು ಚಾಕುವಿಗೆ ಬಗ್ಗದಷ್ಟು ಗಟ್ಟಿಯಾಗಿದ್ದರೆ ಕೊಯ್ಯಬಹುದು. ಕೊಯ್ದ ಮೇಲೆ ಬಕೆಟ್ ನೀರಿಗೆ ಹಾಕಿ. ಬಲಿತ ಬಾದಾಮಿಯ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, 1.01ರಿಂದ 1.02ರ ಆಸುಪಾಸು, ಹಾಗಾಗಿ ಅದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಇಲ್ಲಿ ಒಂದು ತಪ್ಪು ನಂಬಿಕೆಯನ್ನೂ ಹೇಳಿಬಿಡುತ್ತೇನೆ. ‘ನೀರಿನಲ್ಲಿ ತೇಲಿದರೆ ಕಾರ್ಬೈಡ್ ಹಣ್ಣು, ಮುಳುಗಿದರೆ ಸಹಜ ಹಣ್ಣು’ ಎಂಬ ಸಂದೇಶ ಪ್ರತಿ ಬೇಸಿಗೆಯಲ್ಲೂ ಮೊಬೈಲಿನಲ್ಲಿ ಹರಿದಾಡುತ್ತದೆ. ತೇಲುವುದು ಕಾಯಿ ಬಲಿತಿರಲಿಲ್ಲ ಎಂಬುದರ ಗುರುತು, ಯಾವುದರಿಂದ ಮಾಗಿಸಿದರು ಎಂಬುದನ್ನು ನೀರು ಹೇಳಲಾರದು. ಎಳೆಗಾಯಿಯನ್ನು ಅವಸರದಿಂದ ಕಿತ್ತವರೇ ಕಾರ್ಬೈಡ್ ಹಾಕುವುದೂ ಉಂಟು, ಹಾಗಾಗಿ ಎರಡೂ ಬೆರೆತುಹೋಗಿವೆ.

ಮಲ್ಲಿಕಾವನ್ನು ಬಾದಾಮಿಯ ಜೊತೆ ಒಂದೇ ದಿನ ಕೊಯ್ಯಬೇಡಿ. ಅದು ತಡವಾಗಿ ಬಲಿಯುವ ತಳಿ, ಕೊಯ್ದ ಮೇಲೂ ನಿಧಾನವಾಗಿ ಹಣ್ಣಾಗುತ್ತದೆ. ಒಂದೇ ಮರದಲ್ಲೂ ಮೊದಲ ಹೂವಿನ ಕಾಯಿ ಮತ್ತು ಹದಿನೈದು ದಿನ ತಡವಾಗಿ ಬಂದ ಹೂವಿನ ಕಾಯಿ ಒಟ್ಟಿಗೆ ಇರುತ್ತವೆ. ನಿಮ್ಮ ಮೊದಲ ವರ್ಷದ ‘ಅರ್ಧ ಹಣ್ಣು, ಅರ್ಧ ಕಾಯಿ’ ಡಬ್ಬಿಗೆ ಬಹುಪಾಲು ಕಾರಣ ಇದೇ ಆಗಿರಬೇಕು. ಎರಡು ಮೂರು ಸಲ ಆಯ್ದು ಕೊಯ್ಯುವುದಕ್ಕೆ ಕೂಲಿ ಹೆಚ್ಚು ಬೀಳುತ್ತದೆ, ಆದರೆ ನೇರ ಮಾರಾಟದಲ್ಲಿ ಆ ಖರ್ಚು ವಾಪಸ್ ಬರುತ್ತದೆ.

ಬಲಿತ ಕಾಯಿ ಕೈಯಲ್ಲಿದ್ದರೆ ಎಥಿಲೀನ್‌ನ ನಿಜವಾದ ಉಪಯೋಗ ಕಾಣುತ್ತದೆ. ಮಾವು, ಬಾಳೆ, ಸಪೋಟ, ಪಪ್ಪಾಯಿ, ಹಲಸು ಇವೆಲ್ಲ ಕೊಯ್ದ ಮೇಲೂ ಮಾಗುವ ಜಾತಿಯವು. (ದ್ರಾಕ್ಷಿ, ದಾಳಿಂಬೆ, ಕಿತ್ತಳೆ, ಅನಾನಸ್ ಈ ಗುಂಪಿನಲ್ಲಿಲ್ಲ, ಅವು ಮರದಿಂದ ಬಂದಾಗ ಎಷ್ಟು ಸಿಹಿಯಿತ್ತೋ ಅಷ್ಟೇ.) ಬಲಿತ ಮಾವಿಗೆ ಹೊರಗಿನಿಂದ ಸ್ವಲ್ಪ ಎಥಿಲೀನ್ ತಗುಲಿದರೆ ಸಾಕು, ಅದು ತಾನೇ ಹೆಚ್ಚು ಹೆಚ್ಚು ಎಥಿಲೀನ್ ಮಾಡತೊಡಗುತ್ತದೆ. ಕೋಣೆಯ ಎಲ್ಲ ಕಾಯಿಗಳಿಗೂ ಒಂದೇ ಹೊತ್ತಿಗೆ ಈ ಕಿಡಿ ಮುಟ್ಟುವುದರಿಂದ ಎಲ್ಲವೂ ಒಂದೇ ದಿನಕ್ಕೆ ದೋರೆಯಾಗುತ್ತವೆ. ಕಿಡಿ ಹತ್ತಿದ ಮೇಲೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಮುಂದಿನ ನಾಲ್ಕೈದು ದಿನಗಳಲ್ಲಿ ಮಾರುವಷ್ಟಕ್ಕೆ ಮಾತ್ರ ಅನಿಲ ಕೊಡಿ, ಉಳಿದದ್ದನ್ನು ಬೇರೆ ಕಡೆ, ಆ ಕೋಣೆಯ ಗಾಳಿ ಬರದ ಜಾಗದಲ್ಲಿಡಿ.

ಉತ್ತಮ ಮಾರ್ಗ ಮಾಗಿಸುವ ಕೊಠಡಿ, ಅಂದರೆ ತಂಪು, ತೇವ ಮತ್ತು ಎಥಿಲೀನ್ ಮೂರನ್ನೂ ಅಳೆದು ಕೊಡುವ ರೈಪನಿಂಗ್ ಚೇಂಬರ್. ಮಾವಿಗೆ ಸುಮಾರು 20ರಿಂದ 22 ಡಿಗ್ರಿ ತಾಪ, ಶೇ. 90ರಿಂದ 95 ತೇವಾಂಶ, 100 ಪಿಪಿಎಂ ಮೀರದ ಎಥಿಲೀನ್, 24 ಗಂಟೆಯ ಕಾಲ. ಐದು ಎಕರೆಗೆ ಸ್ವಂತ ಕೊಠಡಿ ಕಟ್ಟಿಸುವುದನ್ನು ನಾನು ಹೇಳುವುದಿಲ್ಲ; ವರ್ಷದಲ್ಲಿ ಎರಡು ತಿಂಗಳ ಕೆಲಸಕ್ಕೆ ಆ ಬಂಡವಾಳ ಭಾರವಾಗುತ್ತದೆ. ಬಾಳೆ ಮಾಗಿಸುವವರ ಕೊಠಡಿ ಬಾಡಿಗೆಗೆ ಸಿಕ್ಕರೆ ನೋಡಿ, ಆದರೆ ತಾಪವನ್ನು ಮಾವಿಗೆ ತಕ್ಕಂತೆ ಬದಲಿಸಿಕೊಡುತ್ತಾರೆಯೇ ಎಂದು ಕೇಳಿ. ಬಾಳೆಯನ್ನು 15ರಿಂದ 18 ಡಿಗ್ರಿಯಲ್ಲಿ ಮಾಗಿಸುತ್ತಾರೆ, ಅಷ್ಟು ತಂಪಿನಲ್ಲಿ ಬಾದಾಮಿ ಮಂದವಾಗುತ್ತದೆ, ಬಣ್ಣವೂ ಸರಿಯಾಗಿ ಬರುವುದಿಲ್ಲ. ಹತ್ತಾರು ಬೆಳೆಗಾರರು ಸೇರಿ ರೈತ ಉತ್ಪಾದಕರ ಸಂಸ್ಥೆಯ ಮೂಲಕ ಕಟ್ಟಿಸುವುದಾದರೆ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನದ ಬಗ್ಗೆ ವಿಚಾರಿಸಬಹುದು.

ಅದು ಆಗದಿದ್ದರೆ ಗಾಳಿ ಸೋರದ ಸಣ್ಣ ಕೋಣೆಯಲ್ಲೇ ಇಥೆಫಾನ್‌ನಿಂದ ಅನಿಲ ಎಬ್ಬಿಸುವ ಸರಳ ವಿಧಾನವಿದೆ. ಐದು ಲೀಟರ್ ನೀರಿಗೆ 10 ಮಿ.ಲೀ. ಇಥ್ರೆಲ್ ಬೆರೆಸಿ, ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಹಣ್ಣಿಗೆ ತಾಗದಂತೆ ಕೋಣೆಯೊಳಗಿಟ್ಟು, ಕೊನೆಯಲ್ಲಿ 2 ಗ್ರಾಂ ಕಾಸ್ಟಿಕ್ ಸೋಡಾ ಹರಳು ಹಾಕಿ ಬಾಗಿಲು ಮುಚ್ಚುವುದು. ಸೋಡಾ ಆಮ್ಲವನ್ನು ತಟಸ್ಥಗೊಳಿಸಿದೊಡನೆ ಇಥೆಫಾನ್ ಒಡೆಯತೊಡಗುತ್ತದೆ. ಇಷ್ಟರಿಂದ ಪೂರ್ತಿಯಾಗಿ ಹೊರಬರುವ ಎಥಿಲೀನ್ ಮುಕ್ಕಾಲು ಲೀಟರಿನ ಹತ್ತಿರ. ಅದು ಸುಮಾರು ಏಳು ಘನ ಮೀಟರ್ ಗಾಳಿಗೆ 100 ಪಿಪಿಎಂ ಕೊಡುತ್ತದೆ. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆ 28 ಘನ ಮೀಟರ್ ಆಗುವುದರಿಂದ ಅದಕ್ಕೆ 40 ಮಿ.ಲೀ. ಇಥ್ರೆಲ್, 8 ಗ್ರಾಂ ಸೋಡಾ ಲೆಕ್ಕ. ಇದಕ್ಕಿಂತ ಹೆಚ್ಚು ಹಾಕಿದರೆ ಬೇಗ ಮಾಗುವುದಿಲ್ಲ. ಸಂಕೇತ ಒಂದು ಮಟ್ಟ ತಲುಪಿದ ಮೇಲೆ ಹೆಚ್ಚುವರಿ ಅನಿಲ ವ್ಯರ್ಥ, ಕಾನೂನಿನ ಮಿತಿಯೂ ಮೀರುತ್ತದೆ. ಕೋಣೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಣ್ಣು ತುಂಬಬೇಡಿ, ಕ್ರೇಟುಗಳ ನಡುವೆ ಗಾಳಿ ಆಡಲಿ. 12ರಿಂದ 24 ಗಂಟೆಯ ನಂತರ ಬಾಗಿಲು ಕಿಟಕಿ ಪೂರ್ತಿ ತೆರೆದು ಅರ್ಧ ಗಂಟೆಯಾದರೂ ಗಾಳಿ ಆಡಿಸಿ, ಆಮೇಲೆಯೇ ಒಳಗೆ ಹೋಗಿ.

ಈ ಅರ್ಧ ಗಂಟೆಯ ಬಗ್ಗೆ ಒತ್ತಿ ಹೇಳಲು ಕಾರಣವಿದೆ. ಮಾಗುವ ಹಣ್ಣು ಜೋರಾಗಿ ಉಸಿರಾಡುತ್ತದೆ, ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಒಮ್ಮೆ ಒಂದು ಮಂಡಿಯಲ್ಲಿ ಎರಡು ದಿನ ಮುಚ್ಚಿಟ್ಟಿದ್ದ ಕೋಣೆಯ ಬಾಗಿಲು ತೆರೆದ ಕೂಡಲೇ ಒಳಗೆ ಹೋದ ಹುಡುಗ ಕ್ರೇಟು ಹಿಡಿದುಕೊಂಡೇ ತಲೆಸುತ್ತಿ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ದಿನದ ಹಣ್ಣೂ ಕೆಟ್ಟಿತ್ತು: ಸಿಪ್ಪೆ ಮಾಸಲು ಹಸಿರು, ತಿರುಳಿನಲ್ಲಿ ಹುಳಿತ ಹಿಟ್ಟಿನ ವಾಸನೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದಲ್ಲಿ ಎಥಿಲೀನ್ ಕೆಲಸ ಮಾಡುವುದಿಲ್ಲ. ಇನ್ನು ಇಥ್ರೆಲ್ ಆಗಲಿ ಕಾಸ್ಟಿಕ್ ಸೋಡಾ ಆಗಲಿ ಕಣ್ಣಿಗೆ, ಚರ್ಮಕ್ಕೆ ಸಿಡಿದರೆ ಸುಡುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಸೋಡಾ ಅದನ್ನು ತಿನ್ನುತ್ತದೆ. ಎಥಿಲೀನ್ ಉರಿಯುವ ಅನಿಲ. 100 ಪಿಪಿಎಂನಲ್ಲಿ ಅಪಾಯವಿಲ್ಲ, ಗಾಳಿಯಲ್ಲಿ ಅದು ಶೇ. 2.7 ಮುಟ್ಟಿದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಆದರೂ ಬೀಡಿ, ದೀಪ, ಕಿಡಿ ಹಾರುವ ಸ್ವಿಚ್ಚು ಒಳಗಿರಬಾರದು. ಎಥಿಲೀನ್ ಬಿಡುವ ಪುಡಿ ತುಂಬಿದ ಪೊಟ್ಟಣಗಳನ್ನು ಬಳಸುವುದಾದರೆ ಅವುಗಳನ್ನು ತೂತುಗಳಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗಿಡಿ, ಹಣ್ಣಿನ ಮೇಲೆ ಹಾಗೇ ಇಡಬೇಡಿ. ಏನಿದೆ ಎಂದು ಮುದ್ರಿಸದ ಪೊಟ್ಟಣವನ್ನು ಕೊಳ್ಳಲೇಬೇಡಿ. ಒಳಗಿರುವುದು ಕಾರ್ಬೈಡೇ ಆಗಿರಬಹುದು.

ತೊಟ್ಟಿನ ಕೊಳೆಗೂ ಹಾರ್ಮೋನಿಗೂ ನೇರ ಸಂಬಂಧವಿಲ್ಲ. ಚಿಬ್ಬು ರೋಗದ ಮತ್ತು ತೊಟ್ಟುಕೊಳೆಯ ಶಿಲೀಂಧ್ರಗಳು ತೋಟದಲ್ಲೇ ಕಾಯಿಗೆ ಹತ್ತಿ, ಕಾಣಿಸಿಕೊಳ್ಳದೆ ಕಾಯುತ್ತಿರುತ್ತವೆ. ಹಸಿ ಕಾಯಿಯ ಸಿಪ್ಪೆಯಲ್ಲಿ ಅವುಗಳನ್ನು ತಡೆಯುವ ರಾಸಾಯನಿಕಗಳಿವೆ. ಮಾಗುವಾಗ ಆ ರಕ್ಷಣೆ ಇಳಿಯುತ್ತದೆ, ರೋಗ ಎದ್ದು ಬರುತ್ತದೆ. ಕಳೆದ ವರ್ಷ ನೀವು ನೂರಾರು ಕಾಯಿಗಳನ್ನು ಒಂದೇ ತೊಟ್ಟಿಯ ನೀರಿನಲ್ಲಿ ಅದ್ದಿದಾಗ ಒಂದರ ರೋಗಾಣು ಎಲ್ಲದರ ತೊಟ್ಟಿನ ಗಾಯಕ್ಕೂ ಸೇರಿರುತ್ತದೆ. ತೊಟ್ಟನ್ನು ಎಳೆದು ಕೀಳದೆ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ತೊಟ್ಟು ಕೆಳಮುಖವಾಗಿಟ್ಟು ಸೊನೆ ಇಳಿಯಲು ಬಿಡಿ, ಸೊನೆ ಸಿಪ್ಪೆಗೆ ತಾಗಿ ಸುಡದಿರಲಿ. ಆಮೇಲೆ 52 ಡಿಗ್ರಿ ಬಿಸಿನೀರಿನಲ್ಲಿ ಐದರಿಂದ ಹತ್ತು ನಿಮಿಷ ಇಟ್ಟು, ತೆಗೆದು, ನೆರಳಿನಲ್ಲಿ ಒಣಗಿಸಿ. ಥರ್ಮಾಮೀಟರ್ ಕಡ್ಡಾಯ, ಕೈ ಹಾಕಿ ಅಂದಾಜು ಮಾಡಿದರೆ ಒಂದೆರಡು ಡಿಗ್ರಿ ಹೆಚ್ಚಾಗಿ ಸಿಪ್ಪೆ ಬೇಯುತ್ತದೆ. ಯಾವ ಔಷಧಿಯೂ ಇಲ್ಲದ ಈ ಕ್ರಮವನ್ನು ನಮ್ಮ ಬೆಳೆಗಾರರು ಏಕೆ ಇಷ್ಟು ಕಡಿಮೆ ಬಳಸುತ್ತಾರೋ ಎಂದು ನನಗೆ ಪ್ರತಿ ಋತುವಿನಲ್ಲೂ ನೋವಾಗುತ್ತದೆ.

ಇನ್ನು ಹತ್ತು ದಿನ ಹೆಚ್ಚು ಇಡುವ ಮಾತು. ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನುಗಳ ಗುಂಪಿಗೆ ಸೇರಿದ ಜಿಬ್ಬರೆಲಿಕ್ ಆಮ್ಲ ಎಥಿಲೀನ್‌ಗೆ ಎದುರಾಗಿ ಕೆಲಸ ಮಾಡುತ್ತದೆ ಎಂಬುದು ನಿಜ. ಅದು ಸಿಪ್ಪೆಯ ಹಸಿರನ್ನು ಹಿಡಿದಿಡುತ್ತದೆ, ಮಾಗುವುದನ್ನು ತಡಮಾಡುತ್ತದೆ. ವಿಜಯಪುರದ ದ್ರಾಕ್ಷಿಯಲ್ಲಿ ಅದರದ್ದು ಬೇರೆಯೇ ಕೆಲಸ, ಕಾಳಿನ ಗಾತ್ರ ಹೆಚ್ಚಿಸುವುದು. ಆ ಯಶಸ್ಸು ನೋಡಿ ಮಾವಿಗೂ ಹೇಳುತ್ತಾರೆ. ಆದರೆ ಮಾವಿನ ಮರದಲ್ಲಿ ಜಿಬ್ಬರೆಲಿನ್ ಹೂವಿಗೆ ವೈರಿ. ಹೂ ಬರಿಸಲು ಬಳಸುವ ಕಲ್ಟಾರ್ ಎಂಬ ಔಷಧಿ ಹಾಕಿದರೆ ಮರ ಹೂ ಬಿಡುವುದು ಏಕೆಂದರೆ ಅದು ಮರದೊಳಗಿನ ಜಿಬ್ಬರೆಲಿನ್ ತಯಾರಿಯನ್ನು ತಗ್ಗಿಸುತ್ತದೆ. ಒಂದು ಕೈಯಲ್ಲಿ ಅದನ್ನು ತಗ್ಗಿಸಿ ಇನ್ನೊಂದು ಕೈಯಲ್ಲಿ ಸಿಂಪಡಿಸಿದರೆ, ಹೊತ್ತು ತಪ್ಪಿದಾಗ ಮುಂದಿನ ಹೂವಿಗೆ ಪೆಟ್ಟು ಬೀಳಬಹುದು. ನಿಮ್ಮ ವ್ಯಾಪಾರಕ್ಕೆ ಬೇಕಿರುವುದು ಒಂದೇ ದಿನ ಹಳದಿಯಾಗುವ ಹಣ್ಣು. ಹಸಿರು ಉಳಿಸುವ ಔಷಧಿ ಹೊಡೆದು ಆಮೇಲೆ ಹಳದಿ ತರಿಸುವ ಅನಿಲ ಕೊಡುವುದು ನಿಮಗೆ ನೀವೇ ಎದುರು ನಿಂತಂತೆ. ಮರಕ್ಕೆ ಹೊಡೆಯಬೇಡಿ ಎಂಬುದು ನನ್ನ ಖಚಿತ ಸಲಹೆ.

ಎಥಿಲೀನ್‌ನ ಗ್ರಾಹಿಗಳನ್ನೇ ಮುಚ್ಚಿಬಿಡುವ 1-ಎಂಸಿಪಿ ಎಂಬ ಅನಿಲವೂ ಇದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸಿಸ್ಲರ್ ಮತ್ತು ಸಿಲ್ವಿಯಾ ಬ್ಲಾಂಕೆನ್‌ಶಿಪ್ ಕಂಡುಹಿಡಿದದ್ದು. ಸೇಬನ್ನು ಶೀತಲಗೃಹಗಳಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ಇಡಲು ಅದು ನೆರವಾಗುತ್ತದೆ. ಸೇಬನ್ನು ಗಟ್ಟಿಯಾಗಿದ್ದಾಗ ತಿನ್ನುತ್ತಾರೆ, ಮಾವು ಮೆದುವಾಗಲೇಬೇಕು. ಪ್ರಮಾಣ ಹೆಚ್ಚಾದರೆ ಮಾವು ಸರಿಯಾಗಿ ಮಾಗುವುದೇ ಇಲ್ಲ. ನಿಮ್ಮ ಮಟ್ಟಕ್ಕೆ ಅದು ಬೇಡ.

ನಿಮಗೆ ದಿನಗಳನ್ನು ಗಳಿಸಿಕೊಡುವುದು ತಂಪು. ತಾಪ ಹತ್ತು ಡಿಗ್ರಿ ಏರಿದರೆ ಹಣ್ಣಿನ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕೊಯ್ದು, ಟೆಂಪೋದಲ್ಲಿ ಟಾರ್ಪಾಲಿನಡಿ ಬಿಟ್ಟ ಕಾಯಿ ಬೆಂಗಳೂರು ಸೇರುವ ಹೊತ್ತಿಗೆ ತನ್ನ ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದುಕೊಂಡಿರುತ್ತದೆ. ಬೆಳಗಿನ ಜಾವ ಕೊಯ್ದು, ಮರದ ನೆರಳಿನಿಂದ ನೇರವಾಗಿ ತಣ್ಣನೆಯ ಕೋಣೆಗೆ ತಂದು, ರಾತ್ರಿ ಸಾಗಿಸಿ. ಹಸಿ ಕಾಯಿಯನ್ನು 13 ಡಿಗ್ರಿಯ ಶೀತಲಗೃಹದಲ್ಲಿ ಎರಡು ಮೂರು ವಾರ ಇಡಬಹುದು. ಅದಕ್ಕಿಂತ ಕೆಳಗಿಳಿಸಿದರೆ ಸಿಪ್ಪೆಯಲ್ಲಿ ಕುಳಿ ಬಿದ್ದು, ಹೊರಗೆ ತಂದ ಮೇಲೆ ಸರಿಯಾಗಿ ಮಾಗುವುದಿಲ್ಲ. ಬೇಡಿಕೆ ಬಂದಂತೆ ಅಷ್ಟಷ್ಟೇ ಹೊರತೆಗೆದು ಎಥಿಲೀನ್ ಕೊಡುವುದು ನೀವು ಕೇಳಿದ ಹತ್ತು ದಿನಕ್ಕೆ ಸರಿಯಾದ ದಾರಿ. ಪೊಟಾಷಿಯಂ ಪರ್ಮಾಂಗನೇಟ್ ಇರುವ ಎಥಿಲೀನ್ ಹೀರುವ ಪೊಟ್ಟಣವನ್ನು ಹಸಿ ಕಾಯಿಯ ಕ್ರೇಟುಗಳ ಜೊತೆ ಇಟ್ಟರೆ ಸ್ವಲ್ಪ ನೆರವಾಗುತ್ತದೆ. ನೇರಳೆ ಬಣ್ಣ ಕಂದಾದರೆ ಅದರ ಕೆಲಸ ಮುಗಿಯಿತು.

ಮುಂದಿನ ಋತುವಿಗೆ ಹಣ್ಣನ್ನು ಪೂರ್ತಿ ಮಾಗಿಸದೆ ದೋರೆ ಹಂತದಲ್ಲೇ ಕಳುಹಿಸಿ, ದಾರಿಯ ಜಖಂ ಕಡಿಮೆಯಾಗುತ್ತದೆ. ಡಬ್ಬಿಯೊಳಗೆ ಒಂದು ಚೀಟಿ ಇಡಿ: ಕೊಯ್ದ ದಿನ, ಎಥಿಲೀನ್ ಅನಿಲದಲ್ಲಿ ಮಾಗಿಸಿದ್ದು, ಕಾರ್ಬೈಡ್ ಬಳಸಿಲ್ಲ, ದ್ರಾವಣದಲ್ಲಿ ಅದ್ದಿಲ್ಲ, ಇನ್ನೆರಡು ದಿನ ಹೊರಗಿಟ್ಟು ತೊಟ್ಟಿನ ಬಳಿ ಮೆತ್ತಗಾಗಿ ಘಮ ಬಂದ ಮೇಲೆ ತಿನ್ನಿ, ಅದಕ್ಕೆ ಮೊದಲು ಫ್ರಿಜ್ಜಿಗೆ ಇಡಬೇಡಿ. ಹಾರ್ಮೋನು ಹಾಕಿದ್ದೀರಾ ಎಂದು ಕೇಳಿದವರಿಗೆ ಹೌದು ಎಂದೇ ಹೇಳಿ, ಅದು ಹಣ್ಣು ತಾನೇ ಬಿಡುವ ಅನಿಲ ಎಂದು ವಿವರಿಸಿ. ಪ್ರತಿ ಸಲದ ಕೊಯ್ಲಿನಿಂದ ಹತ್ತು ಹಣ್ಣನ್ನು ದಿನಾಂಕ ಬರೆದು ಮನೆಯಲ್ಲೇ ಉಳಿಸಿಕೊಂಡು, ದಿನಕ್ಕೆ ಎರಡರಂತೆ ಕೊಯ್ದು ನೀವೇ ತಿಂದು ನೋಡಿ. ಬೆಂಗಳೂರಿನಿಂದ ದೂರು ಬರುವ ಮೊದಲೇ ಆ ಡಬ್ಬಿಗಳೊಳಗೆ ಏನಾಗುತ್ತಿದೆ ಎಂದು ನಿಮಗೆ ತಿಳಿದಿರುತ್ತದೆ.